ಸಂಘಕ್ಕೊಂದು ವೆಬ್‌ಸೈಟ್: ಮಾಡಿಸುವ ಮೊದಲು ಕೂತು ಮಾತಾಡೋಣ

(ಸಾಗರ ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣ)



ಬೆಳಗಿನ ಬಸ್ಸಿಗೇ ಹೊರಟು, ಕೊಟ್ಟಿಗೆ ಕೆಲಸ ಮುಗಿಸಿ, ಕೆಲವರು ಮಕ್ಕಳನ್ನೂ ಎತ್ತಿಕೊಂಡು ಬಂದಿದ್ದೀರಿ. ಊಟದ ಹೊತ್ತಿನೊಳಗೆ ಮುಗಿಸುತ್ತೇವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾಡುವ ಸಂಘಗಳಿಂದ ಈಗ ನಮಗೆ ಬರುವ ಬೇಡಿಕೆ ಒಂದೇ: "ಸಿಸ್ಟರ್, ನಮಗೂ ಒಂದು ವೆಬ್‌ಸೈಟ್ ಮಾಡಿಸಿಕೊಡಿ." ಮಾಡಿಸಬಹುದು. ಆದರೆ ಒಂದು ಸಂಘದಲ್ಲಿ ಆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಆ ಸಂಘದವರು ಇಲ್ಲೇ ಕೂತಿದ್ದಾರೆ, "ಹೇಳಿ ಸಿಸ್ಟರ್, ಬೇರೆಯವರಾದರೂ ಉಳಿಯಲಿ" ಅಂತ ಒಪ್ಪಿಗೆ ಕೊಟ್ಟಿದ್ದಾರೆ.

ಅವರು ಸಂಘದ ಉಳಿತಾಯದಿಂದ 18,000 ರೂಪಾಯಿ ತೆಗೆದು ವೆಬ್‌ಸೈಟ್ ಮಾಡಿಸಿದರು. ವಾರಕ್ಕೆ 20 ರೂಪಾಯಿಯಂತೆ ಕೂಡಿಟ್ಟ ಹಣ ಅದು. ಮಾಡಿದವನು ಪಟ್ಟಣದ ಒಬ್ಬ ಹುಡುಗ, ಅವನನ್ನು ಪರಿಚಯ ಮಾಡಿಸಿದವರು ನಾವೇ. ವೆಬ್‌ಸೈಟ್ ನೋಡಲು ಬಹಳ ಚಂದ ಇತ್ತು. ತೆರೆದ ಕೂಡಲೇ ವೀಣೆ ನುಡಿಯುತ್ತಿತ್ತು, ಐದು ಚಿತ್ರಗಳು ಒಂದರ ಹಿಂದೆ ಒಂದು ಜಾರುತ್ತಿದ್ದವು. ಅವುಗಳಲ್ಲಿ ಒಂದರಲ್ಲಿ ಯಾರೋ ವಿದೇಶಿ ಹೆಂಗಸರು ಅಡುಗೆಮನೆಯಲ್ಲಿ ನಗುತ್ತಿದ್ದರು. ನಮ್ಮ ಗುರಿ, ನಮ್ಮ ಧ್ಯೇಯ ಅಂತ ಎರಡು ಪುಟ. ಉಪ್ಪಿನಕಾಯಿಯ ಬೆಲೆ ಎಲ್ಲೂ ಇಲ್ಲ. ಫೋನ್ ನಂಬರು ಕೊನೆಯಲ್ಲಿ ಚಿತ್ರದೊಳಗೆ ಸೇರಿಕೊಂಡಿತ್ತು, ಬೆರಳಿಟ್ಟರೆ ಕರೆ ಹೋಗುತ್ತಿರಲಿಲ್ಲ. ಉದ್ಘಾಟನೆ ದಿನ ನಾವೂ ಚಪ್ಪಾಳೆ ತಟ್ಟಿದ್ದೆವು. ವರ್ಷದಲ್ಲಿ ಅದರಿಂದ ಬಂದದ್ದು ಎರಡು ಆರ್ಡರು, ಅದರಲ್ಲಿ ಒಂದು ನಮ್ಮ ಸಿಸ್ಟರ್ ಒಬ್ಬರ ತಮ್ಮನದು. ಮರು ವರ್ಷ ಒಂದು ದಿನ ನೋಡಿದರೆ ವೆಬ್‌ಸೈಟೇ ಇಲ್ಲ. ಆ ಕಥೆಗೆ ಆಮೇಲೆ ಬರುತ್ತೇವೆ.

ನಮಗೆ ಆಮೇಲೆ ಹೊಳೆದದ್ದು ಇದು: ನಮ್ಮ ಅಂಗಡಿಗೆ ಬರುವವರು ಯಾರು ಅಂತ ನಾವು ಕೇಳಿಕೊಂಡೇ ಇರಲಿಲ್ಲ. ಈಗ ಕೇಳಿಕೊಳ್ಳಿ. ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಫೋನಿನಲ್ಲಿ ಹುಡುಕುವವರು ಯಾರು? ಬೆಂಗಳೂರಿನಲ್ಲಿರುವ ಊರಿನ ಮಕ್ಕಳು. ಯಾರದೋ ಮನೆಯಲ್ಲಿ ಊಟ ಮಾಡಿ ರುಚಿ ಕಂಡವರು. ಜೋಗ ನೋಡಲು ಬಂದು ಒಂದು ಬಾಟ್ಲಿ ಒಯ್ದು, ಖಾಲಿಯಾದ ಮೇಲೆ ಲೇಬಲ್ ಓದುತ್ತಾ ಕೂತವರು. ಇವರಿಗೆ ವೀಣೆ ಬೇಡ. ಇವರ ಹತ್ತಿರ ದೊಡ್ಡ ಕಂಪ್ಯೂಟರೂ ಇಲ್ಲ, ಕೈಯಲ್ಲಿರುವುದು ಫೋನು. ಹಾಗಾಗಿ ಮಾಡಿದವರು ತಮ್ಮ ದೊಡ್ಡ ಪರದೆಯಲ್ಲಿ ತೋರಿಸಿದರೆ ತಲೆಯಾಡಿಸಬೇಡಿ. "ನಮ್ಮ ಫೋನಿನಲ್ಲಿ ತೆರೆದು ತೋರಿಸಿ" ಅನ್ನಿ. ಅದೂ ಸಿಗ್ನಲ್ ಸರಿಯಾಗಿ ಸಿಗದ ನಿಮ್ಮ ಅಂಗಳದಲ್ಲಿ ನಿಂತು.

ಎರಡನೇ ಸಲ ಆ ಸಂಘದವರ ಜೊತೆ ಕೂತಾಗ ನಾವು ಕಂಪ್ಯೂಟರ್ ಮುಟ್ಟಲಿಲ್ಲ. ಫೋನ್ ನೋಡಿಕೊಳ್ಳುವ ಅಕ್ಕನನ್ನು ಕರೆದು, "ಗಿರಾಕಿಗಳು ಫೋನಿನಲ್ಲಿ ಏನೇನು ಕೇಳ್ತಾರೆ, ಹೇಳಿ" ಅಂದೆವು. ಅವರು ಉಸಿರು ಬಿಡದೆ ಹೇಳಿದರು: ಎಷ್ಟು ರೇಟು? ಅರ್ಧ ಕೇಜಿ ಸಿಗುತ್ತಾ? ಎಣ್ಣೆ ಹಾಕಿದ್ದಾ, ಹಾಕದ್ದಾ? ಫ್ರಿಜ್ ಇಲ್ಲದೆ ಎಷ್ಟು ದಿನ ಇರುತ್ತೆ? ಕೊರಿಯರಿಗೆ ಎಷ್ಟಾಗುತ್ತೆ? ಬಾಟ್ಲಿ ಒಡೆದು ಬಂದರೆ ಯಾರು ಜವಾಬ್ದಾರಿ? ದುಡ್ಡು ಮೊದಲೇ ಹಾಕಬೇಕಾ? ನೀವು ನಿಜವಾಗಲೂ ಸಾಗರದವರೇನಾ? ಈ ಕೊನೆಯ ಪ್ರಶ್ನೆಗೆ ಎಲ್ಲರೂ ನಕ್ಕರು. ಆದರೆ ಅದೇ ಮುಖ್ಯ ಪ್ರಶ್ನೆ. ಮುಖ ನೋಡದವರಿಗೆ ಹಣ ಕಳಿಸುವವರು ಕೇಳುವುದೇ ಅದನ್ನು.

ಆ ಪಟ್ಟಿಯೇ ವೆಬ್‌ಸೈಟ್. ಅದಕ್ಕೆ ಉತ್ತರ ಬರೆದರೆ ಮುಕ್ಕಾಲು ಕೆಲಸ ಆಯಿತು. ತೆರೆದ ಕೂಡಲೇ ಮೇಲೆ ಸಂಘದ ಹೆಸರು, ಏನು ಮಾಡುತ್ತೀರಿ, ಎಲ್ಲಿ ಮಾಡುತ್ತೀರಿ ಅಂತ ಒಂದು ಸಾಲು. ಅದರ ಕೆಳಗೆ ಬೆರಳಿಟ್ಟರೆ ಕರೆ ಹೋಗುವ ಗುಂಡಿ, ವಾಟ್ಸಾಪ್ ತೆರೆಯುವ ಗುಂಡಿ. ಆಮೇಲೆ ಪದಾರ್ಥಗಳು: ಚಿತ್ರ, ತೂಕ, ಬೆಲೆ. ಬೆಲೆಯನ್ನು ಮುಚ್ಚಿಟ್ಟು "ವಿವರಕ್ಕೆ ಸಂಪರ್ಕಿಸಿ" ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. "ರೇಟು ಏರುತ್ತಾ ಇರುತ್ತದಲ್ಲ ಸಿಸ್ಟರ್" ಅನ್ನುತ್ತೀರಿ. ಸರಿ, ಏರಿದಾಗ ತಿದ್ದಿ. ಅದಕ್ಕೇ ಮಾಡುವವನ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು: ಬೆಲೆ ಬದಲಿಸುವುದನ್ನು ನಮ್ಮಲ್ಲಿ ಇಬ್ಬರಿಗೆ ಕಲಿಸಿಕೊಡಬೇಕು, ಪ್ರತಿ ಸಲ 500 ರೂಪಾಯಿ ಕೊಟ್ಟು ಅವನ ಬಾಗಿಲು ಬಡಿಯುವ ಹಾಗಿರಬಾರದು.

ಚಿತ್ರದ ವಿಷಯ. ನಿಮ್ಮದೇ ಭರಣಿ, ನಿಮ್ಮದೇ ಅಂಗಳದಲ್ಲಿ ಚಾಪೆಯ ಮೇಲೆ ಒಣಗುವ ಹಲಸಿನ ಹಪ್ಪಳ. ಬೆಳಗಿನ ಬಿಸಿಲಲ್ಲಿ ಫೋನಿನಲ್ಲೇ ತೆಗೆದರೆ ಸಾಕು. ಆದರೆ ಈಗಿನ ಫೋನಿನ ಒಂದು ಚಿತ್ರ 3-4 ಎಂಬಿ ತೂಗುತ್ತದೆ. ಹಾಗೇ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ನೋಡುವವರ ತಾಳ್ಮೆ ಮುಗಿಯುತ್ತದೆ. 100-200 ಕೆಬಿಗೆ ಇಳಿಸಿ ಹಾಕಬೇಕು, ಫೋನಿನ ಪರದೆಗೆ ಅಷ್ಟು ಸಾಲುತ್ತದೆ. ಮುಖ್ಯ ಚಿತ್ರವೋ ಬರಹವೋ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್‌ನವರ ಅಳತೆ. ಜನರ ಚಿತ್ರ ಹಾಕುವಾಗ ಕೇಳಿ ಹಾಕಿ. ಒಬ್ಬ ತಂಗಿ ನಮ್ಮ ಹತ್ತಿರ ಮೆಲ್ಲಗೆ ಬಂದು, "ನನ್ನ ಮುಖ ಬೇಡ ಸಿಸ್ಟರ್, ಮನೆಯಲ್ಲಿ ತೊಂದರೆ ಆಗುತ್ತೆ" ಅಂದಳು. ನಾವು ಅವಳ ಕೈ ಮಾತ್ರ ತೆಗೆದೆವು, ಹಪ್ಪಳ ಒತ್ತುವ ಕೈ. ಇಡೀ ವೆಬ್‌ಸೈಟಿನಲ್ಲಿ ಅದೇ ಒಳ್ಳೆಯ ಚಿತ್ರ.

ಬರಹ ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. ಬೆಂಗಳೂರಿನ ಸೊಸೆಗೆ ಕನ್ನಡ ಓದಲು ಬರದೇ ಇರಬಹುದು. ಇಲ್ಲಿ ಒಂದು ತಾಪತ್ರಯ ಇದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟದ್ದನ್ನು ಹಾಗೇ ವೆಬ್‌ಸೈಟಿಗೆ ಹಾಕಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಮಾಡಿಕೊಡಿ ಅಂತ ಕೇಳಿ, ಆ ಒಂದು ಪದ ನೆನಪಿಟ್ಟುಕೊಳ್ಳಿ. ಕೆಲವರು ಕನ್ನಡವನ್ನು ಚಿತ್ರ ಮಾಡಿ ಅಂಟಿಸಿಬಿಡುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಆದರೆ ಯಾರಾದರೂ "ಅಪ್ಪೆಮಿಡಿ ಉಪ್ಪಿನಕಾಯಿ ಸಾಗರ" ಅಂತ ಹುಡುಕಿದರೆ ನೀವು ಸಿಗುವುದು ಕಷ್ಟ.

ಕಾನೂನಿನ ಮಾತು ಸ್ವಲ್ಪ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಅಂತ ನಿಮಗೆ ಗೊತ್ತೇ ಇದೆ. ಆ 14 ಅಂಕಿಯ ಸಂಖ್ಯೆ ಲೇಬಲ್‌ನಲ್ಲಿರುವ ಹಾಗೆ ವೆಬ್‌ಸೈಟಿನಲ್ಲೂ ಇರಲಿ. ಪೊಟ್ಟಣದ ವಸ್ತುವನ್ನು ಆನ್‌ಲೈನಿನಲ್ಲಿ ಮಾರುವಾಗ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ ತೋರಿಸಬೇಕು ಅಂತ 2018ರ ಜನವರಿಯಿಂದ ನಿಯಮ ಇದೆ. 2020ರ ಇ-ಕಾಮರ್ಸ್ ನಿಯಮಗಳು ದೂರು ಕೇಳುವವರು ಯಾರು, ವಾಪಸ್ಸು ಹೇಗೆ ಅನ್ನುವುದನ್ನೂ ಹೇಳಿ ಅನ್ನುತ್ತವೆ. ಇದನ್ನು ಹೊರೆ ಅಂತ ತಿಳಿಯಬೇಡಿ. "ನೀವು ನಿಜವಾಗಲೂ ಸಾಗರದವರೇನಾ" ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಇನ್ನೊಂದು, ಉತ್ಸಾಹದಲ್ಲಿ "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಅಂತೆಲ್ಲ ಬರೆಯಬೇಡಿ. ಆಹಾರದ ಬಗ್ಗೆ ತಪ್ಪು ದಾರಿಗೆಳೆಯುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ ನಿಜ, ಆದರೆ ಅದರ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಎಲ್ಲಿಂದಲೋ ಇಳಿಸಿಕೊಂಡು ಅಂಟಿಸುವುದಲ್ಲ.

ಈಗ ಮಾಯವಾದ ವೆಬ್‌ಸೈಟಿನ ಕಥೆ. ವೆಬ್‌ಸೈಟಿಗೆ ಒಂದು ಹೆಸರು, ಅಂದರೆ ಡೊಮೈನ್, ಇರುತ್ತದಲ್ಲ. ಅದನ್ನು ಕೊಂಡುಕೊಳ್ಳುವುದಲ್ಲ, ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದು. ಆ ಹುಡುಗ ಅದನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ಹಿಡಿದಿದ್ದ. ಮೋಸ ಮಾಡಬೇಕು ಅಂತಲ್ಲ, ಸುಲಭ ಅಂತ ಹಾಗೆ ಮಾಡಿದ. ಮರು ವರ್ಷ ಅವನು ಕೆಲಸ ಸಿಕ್ಕಿ ಊರು ಬಿಟ್ಟ, ನಂಬರೂ ಬದಲಾಯಿತು. ನವೀಕರಿಸಿ ಅನ್ನುವ ಪತ್ರಗಳೆಲ್ಲ ಅವನ ಇಮೇಲ್‌ಗೆ ಹೋದವು. ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ಬೆಲೆಗೇ ಬಿಡಿಸಿಕೊಳ್ಳಬಹುದು, ಆಮೇಲೆ ಕೆಲವು ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಅದೂ ದಾಟಿದರೆ ಯಾರು ಬೇಕಾದರೂ ಆ ಹೆಸರನ್ನು ಹಿಡಿಯಬಹುದು. ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ದಾಟಿತ್ತು. ಸಾವಿರಾರು ಲೇಬಲ್‌ಗಳ ಮೇಲೆ ಆ ಹೆಸರು ಅಚ್ಚಾಗಿತ್ತು. ಹೆಂಗಸರು ರಾತ್ರಿ ಕೂತು ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿದರು. ಆ 18,000ವನ್ನು ಪುಸ್ತಕದಲ್ಲಿ ಯಾವ ಖಾತೆಗೆ ಬರೆಯುವುದು ಅಂತ ಲೆಕ್ಕ ಬರೆಯುವ ಅಮ್ಮ ನಮ್ಮನ್ನು ಕೇಳಿದರು. ನಮಗೆ ಉತ್ತರ ತೋಚಲಿಲ್ಲ.

ಆದ್ದರಿಂದ ಮೊದಲ ದಿನವೇ ಸಂಘದ ಹೆಸರಿನಲ್ಲಿ ಒಂದು ಇಮೇಲ್ ಮಾಡಿ. ಅಧ್ಯಕ್ಷೆಯ ಮಗನದಲ್ಲ, ಸಂಘದ್ದು. ಡೊಮೈನ್ ಆ ಇಮೇಲ್‌ನಲ್ಲಿ, ಸಂಘದ ಹೆಸರಿನಲ್ಲಿ ಇರಲಿ. ರಸೀದಿ, ಪಾಸ್‌ವರ್ಡ್, ಅವಧಿ ಮುಗಿಯುವ ತಾರೀಖು ಬರೆದ ಹಾಳೆಯನ್ನು ಲಕೋಟೆಯಲ್ಲಿ ಮುಚ್ಚಿ ಬ್ಯಾಂಕ್ ಪಾಸ್‌ಬುಕ್ ಜೊತೆ ಇಡಿ. ಪದಾಧಿಕಾರಿಗಳು ಬದಲಾದಾಗ ಪಾಸ್‌ಬುಕ್ ಹಸ್ತಾಂತರಿಸುವ ಹಾಗೆ ಅದನ್ನೂ ಹಸ್ತಾಂತರಿಸಿ ನಡಾವಳಿಯಲ್ಲಿ ಬರೆಯಿರಿ.

"ಪುಕ್ಕಟೆ ಸಿಗುತ್ತದಂತೆ" ಅಂತ ಕೆಲವರು ಕೇಳಿದಿರಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಪುಕ್ಕಟೆ ಸೇರಿಸಬಹುದು, ಅದನ್ನು ಖಂಡಿತ ಮಾಡಿ. ಟೈಲರಿಂಗ್ ಮಾಡುವವರಿಗೆ, ಹೋಟೆಲ್ ಇಟ್ಟವರಿಗೆ ಅಷ್ಟೇ ಸಾಕು, ವೆಬ್‌ಸೈಟಿಗೆ ದುಡ್ಡು ಹಾಕಬೇಡಿ ಅಂತಲೇ ನಮ್ಮ ಅಭಿಪ್ರಾಯ. ಅದರ ಜೊತೆ ಗೂಗಲ್ ಪುಕ್ಕಟೆ ವೆಬ್‌ಸೈಟನ್ನೂ ಕೊಡುತ್ತಿತ್ತು, 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಬೇರೆಯವರ ಜಾಗದಲ್ಲಿ ಕಟ್ಟಿದ ಗೂಡಂಗಡಿ ಹಾಗೆಯೇ, ಏಳು ಅಂದಾಗ ಏಳಬೇಕು.

ವೆಬ್‌ಸೈಟ್ ತಯಾರಾದ ಮೇಲೆ ಉದ್ಘಾಟನೆಗೆ ಮೊದಲು ಒಂದು ಪರೀಕ್ಷೆ ಮಾಡಿ. ಸಂಘದವರಲ್ಲದ ಐದು ಜನರ ಕೈಗೆ ಫೋನ್ ಕೊಟ್ಟು, "ಅರ್ಧ ಕೇಜಿ ಹಪ್ಪಳ ತರಿಸಿಕೊಳ್ಳಿ ನೋಡೋಣ" ಅಂತ ಹೇಳಿ ಬಾಯಿ ಮುಚ್ಚಿ ಕೂತುಕೊಳ್ಳಿ. ಐದೇ ಜನ ಸಾಕು ಅಂತ ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲೇ ಬರೆದಿದ್ದಾರೆ, ಹೆಚ್ಚಿನ ತೊಡಕುಗಳು ಅಷ್ಟರಲ್ಲೇ ಹೊರಗೆ ಬೀಳುತ್ತವೆ. ಕಷ್ಟ ಇರುವುದು ಬಾಯಿ ಮುಚ್ಚಿ ಕೂರುವುದರಲ್ಲಿ! ನಮ್ಮ ಎರಡನೇ ವೆಬ್‌ಸೈಟನ್ನು ಒಬ್ಬರ ಅತ್ತೆಯ ಕೈಗೆ ಕೊಟ್ಟೆವು. ತಿಳಿ ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ ಅವರಿಗೆ ಕಾಣಲೇ ಇಲ್ಲ. ಸೊಸೆ ಎರಡು ಸಲ "ಅಲ್ಲೇ ಇದೆ ಅತ್ತೆ, ಕೆಳಗೆ" ಅಂದಳು. ನಾವು ಸೊಸೆಯನ್ನು ಹೊರಗೆ ಕಳಿಸಿದೆವು. ಆಮೇಲೆ ಅಕ್ಷರ ಕಪ್ಪಾಯಿತು, ಗುಂಡಿ ದೊಡ್ಡದಾಯಿತು.

ನಂಬರು ಹೊರಗೆ ಬಿದ್ದ ಮೇಲೆ ಒಳ್ಳೆಯವರ ಜೊತೆ ಕಳ್ಳರೂ ಫೋನ್ ಮಾಡುತ್ತಾರೆ. "ನಾವು ಸೈನ್ಯದವರು, ನೂರು ಬಾಟ್ಲಿ ಬೇಕು, ಹಣ ಕಳಿಸಿದ್ದೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ಹಣ ಪಡೆಯುವುದಕ್ಕೆ ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಫೋನ್ ಹಿಡಿಯುವ ಸರದಿಯಲ್ಲಿರುವ ಪ್ರತಿಯೊಬ್ಬರೂ ಇದನ್ನು ಬಾಯಿಪಾಠ ಮಾಡಿ.

ಸರದಿ ಅಂದೆವಲ್ಲ, ಅದನ್ನೂ ಇವತ್ತೇ ತೀರ್ಮಾನ ಮಾಡಬೇಕು. ಆರ್ಡರ್ ಬಂದು ಎರಡು ದಿನ ಉತ್ತರ ಇಲ್ಲದಿದ್ದರೆ ವೆಬ್‌ಸೈಟ್ ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ಹಪ್ಪಳ ಮುಗಿದಿದ್ದರೆ "ಮುಗಿದಿದೆ, ಹೊಸದು ಬೇಸಿಗೆಯಲ್ಲಿ" ಅಂತ ಹಾಕಿ. ಇಲ್ಲದ್ದನ್ನು ಇದೆ ಅಂತ ಬಿಟ್ಟು ಬೈಸಿಕೊಳ್ಳುವುದು ಬೇಡ.

ಆ ಸಂಘದವರು ಈಗ ಹೊಸ ಹೆಸರು ಹಿಡಿದಿದ್ದಾರೆ. ಒಂದೇ ಪುಟ, ವೀಣೆ ಇಲ್ಲ. ಖರ್ಚು ಮೊದಲಿನದರ ಕಾಲು ಭಾಗವೂ ಆಗಿಲ್ಲ. ಹೋದ ತಿಂಗಳು ವಾಟ್ಸಾಪ್ ಗುಂಡಿಯಿಂದ 11 ಆರ್ಡರ್ ಬಂದವು, ಎರಡು ಬಾಟ್ಲಿ ಒಡೆದವು, ಎರಡನ್ನೂ ಮತ್ತೆ ಕಳಿಸಿದರು. ಊಟವಾದ ಮೇಲೆ ಅವರ ಕಾರ್ಯದರ್ಶಿ ತಮ್ಮ ಫೋನಿನಲ್ಲೇ ತೋರಿಸುತ್ತಾರೆ. ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಕಂಪ್ಯೂಟರ್ ಹುಡುಗನನ್ನು ಅದಾದ ಮೇಲೆ ಕರೆಯೋಣ.