ಹಾರ್ಪಿ ಗಿಡುಗ

ಹದ್ದೆಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಮಧ್ಯಾಹ್ನದ ಬಾನಿನಲ್ಲಿ ರೆಕ್ಕೆಯಲುಗಿಸದೆ ಸುತ್ತು ಹಾಕುವ ಹಕ್ಕಿ, ಅಲ್ಲವೆ? ನಾನು ಹೇಳಹೊರಟಿರುವ ಹಕ್ಕಿ ಹಾಗೆ ಬಾನಿಗೇರುವುದೇ ಅಪರೂಪ. ಮೆಕ್ಸಿಕೋ ದೇಶದ ದಕ್ಷಿಣದಿಂದ ಅರ್ಜೆಂಟೈನಾದ ಉತ್ತರದವರೆಗಿನ ಮಳೆಗಾಡುಗಳಲ್ಲಿ, ಅದರಲ್ಲಿಯೂ ಅಮೆಜಾನ್ ನದಿಯ ಕಾಡಿನಲ್ಲಿ, ಎಲೆಗಳ ಮರೆಯಲ್ಲಿಯೇ ಅದರ ಬಾಳು. ಗ್ರೀಕರ ಪುರಾಣದಲ್ಲಿ ಹೆಣ್ಣಿನ ಮೊಗ, ಹಕ್ಕಿಯ ಒಡಲುಳ್ಳ ಹಾರ್ಪಿಗಳೆಂಬ ಭೂತಗಳುಂಟು. ಉಣ್ಣುವವರ ಮುಂದಿನ ಅನ್ನವನ್ನೇ ಕಸಿದೊಯ್ಯುವಂಥವು. 1758ರಲ್ಲಿ ಲಿನೇಯಸ್ ಪಂಡಿತನು ಆ ಹೆಸರನ್ನು ಈ ಹಕ್ಕಿಗಿಟ್ಟನು. ದುಡಿದು ತಿನ್ನುವ ಪ್ರಾಣಿಗೆ ಕಳ್ಳರ ಹೆಸರು! ಅನ್ಯಾಯವೆಂದೇ ನನ್ನೆಣಿಕೆ.

ಇವುಗಳಲ್ಲಿ ಹೆಣ್ಣೇ ದೊಡ್ಡದು. ಅದರ ತೂಕ 6ರಿಂದ 9 ಕಿಲೋಗ್ರಾಂ. ಗಂಡು 4–5 ಕಿಲೋಗ್ರಾಂ. ಕಾಲು ಮಗುವಿನ ಮುಂಗೈಯಷ್ಟು ದಪ್ಪ. ಉಗುರುಗಳೋ ಕರಡಿಯ ಉಗುರುಗಳಿಗೆ ಸಾಟಿ. “ಅಷ್ಟು ಭಾರದ ಹಕ್ಕಿ ಕೊಂಬೆಗಳ ಸಂದಿಯಲ್ಲಿ ಹೇಗೆ ಹಾರೀತು ಸಾರ್?” ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಮೈಯ ಗಾತ್ರಕ್ಕೆ ಅದರ ರೆಕ್ಕೆ ಗಿಡ್ಡ, ಆದರೆ ಅಗಲ. ಬಾಲ ಮಾತ್ರ ನೀಳ. ಅದೇ ಅದರ ಚುಕ್ಕಾಣಿ.

ಆದರೂ ಅದರ ಬೇಟೆಯೆಲ್ಲ ಹಾರಾಟವೆಂದು ತಿಳಿಯಬೇಡಿ, ಬಹುಪಾಲು ಕಾಯುವಿಕೆಯೇ. ಗಂಟೆಗಟ್ಟಲೆ ಒಂದೇ ಕೊಂಬೆಯ ಮೇಲೆ ಕುಳಿತು ನೋಡುತ್ತದೆ, ಆಲಿಸುತ್ತದೆ. ಮುಖದ ಸುತ್ತಣ ಗರಿಗಳನ್ನು ಗೂಬೆಯಂತೆ ಅರಳಿಸಿ ಸದ್ದನ್ನು ಕಿವಿಗೆ ಸೆಳೆದುಕೊಳ್ಳುತ್ತದೆ. ಅದರ ಮುಖ್ಯ ಆಹಾರ ಸ್ಲಾತ್ ಎಂಬ, ಕೊಂಬೆಗೆ ತಲೆಕೆಳಗಾಗಿ ಜೋತು ತೆವಳುವ ಮಂದ ಪ್ರಾಣಿ, ಆಮೇಲೆ ಕೋತಿಗಳು. ಬೆಳಗಿನ ಬಿಸಿಲು ಕಾಯಲು ಸ್ಲಾತ್ ಮರದ ತುದಿಗೇರಿದರೆ ಸಾಕು, ಗಿಡುಗ ಎರಗಿ ಕಿತ್ತುಕೊಳ್ಳುತ್ತದೆ. ಹೊರೆ ಹೆಚ್ಚಾದರೆ ಹತ್ತಿರದ ಕೊಂಬೆಯಲ್ಲಿ ಕುಳಿತು ಒಂದಷ್ಟು ತಿಂದು, ಹಗುರಮಾಡಿಕೊಂಡು ಗೂಡಿಗೆ ಒಯ್ಯುತ್ತದೆ. ಆನೆ-ಆಮೆಗಳನ್ನು ಹೊತ್ತ ನಮ್ಮ ಗರುಡನೂ ಕೂರಲು ಕೊಂಬೆಯನ್ನರಸಿದವನೇ ತಾನೆ!

ಗೂಡು ಕಟ್ಟುವುದು ಕಾಡಿಗೆಲ್ಲ ಎತ್ತರವಾದ ಮರದಲ್ಲಿ, ಹಲವೆಡೆ ಬೂರುಗದ ಜಾತಿಯ ಹೆಮ್ಮರದಲ್ಲಿ. ಮೊಟ್ಟೆ ಎರಡಿಟ್ಟರೂ ಬೆಳೆಯುವುದು ಒಂದೇ ಮರಿ. ಸುಮಾರು ಎಂಟು ವಾರ ಕಾವು. ಮತ್ತೆ ಐದಾರು ತಿಂಗಳಿಗೆ ಮರಿಗೆ ರೆಕ್ಕೆ ಬಲಿಯುತ್ತದೆ. ಬಲಿತರೂ ಅದು ಗೂಡಿನ ಮರವನ್ನು ಬಿಡದೆ, ತಾಯಿತಂದೆ ತಂದುದನ್ನು ತಿನ್ನುತ್ತ ವರ್ಷದ ಮೇಲೂ ಅಲ್ಲಿಯೇ ಇರುತ್ತದೆ. ಹೀಗಾಗಿ ಒಂದು ಜೋಡಿಗೆ ಎರಡು ಮೂರು ವರ್ಷಕ್ಕೊಂದೇ ಮರಿ. ಮನುಷ್ಯನನ್ನು ಕಂಡರೆ ಆ ಮರಿಗೆ ಹೆದರಿಕೆಯಿಲ್ಲ. ಬರಿಯ ಕುತೂಹಲದಿಂದ ಕೋವಿ ಎತ್ತುವವರಿಗೆ ಅದು ಎಷ್ಟು ಸುಲಭದ ಗುರಿ, ಯೋಚಿಸಿ. ಮೇಲಾಗಿ ಕೊಡಲಿಗೆ ಬೇಕಾದದ್ದೂ ಅದೇ ಹೆಮ್ಮರ.

ಪನಾಮಾ ದೇಶವು 2002ರಲ್ಲಿ ಇದನ್ನು ರಾಷ್ಟ್ರಪಕ್ಷಿಯೆಂದು ಸಾರಿತು. ಪಂಜರದಲ್ಲಿ ಹುಟ್ಟಿದ ಮರಿಗಳನ್ನು ಅಲ್ಲಿಯ ಕಾಡಿಗೆ ಬಿಟ್ಟದ್ದೂ ಉಂಟು. ಬಿಟ್ಟರಾಯಿತೆ? ಅವು ತಾವಾಗಿ ಬೇಟೆ ಕಲಿಯುವವರೆಗೆ ಮಾಂಸವನ್ನು ಒಯ್ದು ಒಯ್ದು ಇಟ್ಟುಬಂದವರು ಮನುಷ್ಯರೇ.