ಬನವಾಸಿಗೆ ಬಂದ ಭಿಕ್ಷು: ಕಥೆಯೆಷ್ಟು, ಚರಿತ್ರೆಯೆಷ್ಟು?

(ದುರ್ಗಿಗುಡಿಯಲ್ಲಿ ಮಾಡಿದ ಭಾಷಣ)

ಸಿಂಹಳದ ಭಿಕ್ಷುಗಳು ಪಾಲಿ ಭಾಷೆಯಲ್ಲಿ ಬರೆದ 'ಮಹಾವಂಸ'ದಲ್ಲಿ ನಮ್ಮ ಸೀಮೆಯ ಮಾತೊಂದಿದೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನು ವನವಾಸಕ್ಕೆ ಬಂದು, ಆಕಾಶದಲ್ಲಿ ನಿಂತು ಉಪದೇಶ ಮಾಡಿದನಂತೆ. 60,000 ಜನ ಧರ್ಮಕ್ಕೆ ಸೇರಿದರಂತೆ; 37,000 ಜನ ಸನ್ಯಾಸ ಹಿಡಿದರಂತೆ; 500 ವಿಹಾರಗಳೆದ್ದವಂತೆ. ಈ ವನವಾಸವೆಂದರೆ ಸೊರಬದಾಚೆಯ ಬನವಾಸಿಯೇ ಎಂದು ವಿದ್ವಾಂಸರ ಅಭಿಪ್ರಾಯ.

ಇದನ್ನು ಕೆಲವರು ಅಕ್ಷರಶಃ ನಂಬುತ್ತಾರೆ. ಕೆಲವರು ಅಜ್ಜಿಕಥೆಯೆಂದು ತಳ್ಳಿಬಿಡುತ್ತಾರೆ. ಎರಡೂ ಸೋಮಾರಿತನವೇ. ಅಂಗಡಿಯವರು ಖಾತೆಯನ್ನು ರಸೀತಿಯೊಡನೆ ತಾಳೆ ನೋಡುವಂತೆ ನಾವೂ ನೋಡಬೇಕು.

ಅಶೋಕನು ಕ್ರಿ. ಪೂ. 3ನೆಯ ಶತಮಾನದವನು. ಮಹಾವಂಸವಾದರೋ ಕ್ರಿ. ಶ. 5ನೆಯ ಶತಮಾನದ್ದು, ಅನುರಾಧಪುರದ ಮಹಾವಿಹಾರದ ಪರಂಪರೆಯಲ್ಲಿ ಹುಟ್ಟಿದ್ದು. ತಮ್ಮ ವಿಹಾರದ ಹಿರಿಮೆಯನ್ನೂ ದಾನ ಕೊಟ್ಟ ಅರಸರ ಕೀರ್ತಿಯನ್ನೂ ಸಾರುವುದು ಅದನ್ನು ಬರೆದವರ ಉದ್ದೇಶ.

ಇನ್ನು ಕಲ್ಲಿನ ಸಾಕ್ಷಿ. ಶಾಸನಗಳ 'ಪಿಯದಸಿ' ಅಶೋಕನೇ ಎಂದು 1837ರಲ್ಲಿ ಮೊದಲು ತಿಳಿದದ್ದು ಸಿಂಹಳದ 'ದೀಪವಂಸ'ದಿಂದ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದ್ದು, ಆ ಮಾತು ಗಟ್ಟಿಯಾಯಿತು. ಆದರೆ ಅಶೋಕನು 99 ಮಂದಿ ಸೋದರರನ್ನು ಕೊಂದನೆಂದು ಮಹಾವಂಸ ಹೇಳಿದರೆ, ಅವನ 5ನೆಯ ಶಿಲಾಶಾಸನದಲ್ಲಿ ಸೋದರರ ಮನೆಗಳ ಪ್ರಸ್ತಾಪವೇ ಇದೆ! ಬನವಾಸಿಯ ವಿಷಯವೂ ಪೂರಾ ಸುಳ್ಳಲ್ಲ. ಸಿಂಹಳದ ಥೇರರು ಧರ್ಮ ಹರಡಿದ ನಾಡುಗಳ ಸಾಲಿನಲ್ಲಿ ನಾಗಾರ್ಜುನಕೊಂಡದ ಶಾಸನವೊಂದು ವನವಾಸಿಯನ್ನು ಹೆಸರಿಸಿದೆ. ಕಾರ್ಲೆಯ ಗುಹಾಲಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ಬನವಾಸಿಯ, ಭೂತಪಾಲನೆಂಬ ಶೆಟ್ಟಿ. ಹೀಗೆ ಬೌದ್ಧಧರ್ಮ ಇಲ್ಲಿಗೆ ಬಂದದ್ದು ಚರಿತ್ರೆ. ಆಕಾಶದಲ್ಲಿ ನಿಂತದ್ದು ಕಥೆ.

ಇಷ್ಟು ತಾಳೆ ನೋಡುವ ಶ್ರಮವೇಕೆ? ದುಟ್ಠಗಾಮಣಿ ಎಂಬ ಅರಸನು ವಿಹಾರದ ಕಟ್ಟಡ ಕಟ್ಟಿಸುವಾಗ, ಕೂಲಿಯಿಲ್ಲದೆ ಯಾರೂ ದುಡಿಯಕೂಡದೆಂದು ಸಾರಿಸಿದನೆಂದು ಇದೇ ಗ್ರಂಥ ಹೇಳುತ್ತದೆ. ಕಾರ್ಮಿಕರು ಮೆಚ್ಚತಕ್ಕ ಮಾತು. ಆದರೆ ಅದೇ ಅರಸನು ತಮಿಳು ದೊರೆ ಎಳಾರನನ್ನು ಗೆದ್ದಮೇಲೆ, ಸತ್ತ ಸಾವಿರಾರು ಜನರಿಗಾಗಿ ಮರುಗಿದಾಗ, ಸತ್ತವರು ಒಂದೂವರೆ ಮನುಷ್ಯರು ಮಾತ್ರ, ಮಿಕ್ಕವರು ಪಶುಗಳಿಗೆ ಸಮಾನರು ಎಂದು ಅರ್ಹಂತರು ಸಮಾಧಾನ ಹೇಳಿದರಂತೆ! 20ನೆಯ ಶತಮಾನದ ಸಿಂಹಳ ರಾಷ್ಟ್ರವಾದಿಗಳು ಈ ಅರಸನನ್ನೇ ಆದರ್ಶ ವೀರನೆಂದು ಮೆರೆಸಿದರು. 1983ರಿಂದ 2009ರವರೆಗೆ ಆ ದ್ವೀಪದ ಅಂತರ್ಯುದ್ಧದಲ್ಲಿ ಸುರಿದ ರಕ್ತಕ್ಕೆ ಕಾರಣಗಳು ಹಲವಿದ್ದವು. ಇಂಥ ಕಥೆಯನ್ನು ಚರಿತ್ರೆಯೆಂದು ನಂಬಿಸಿದ್ದೂ ಅವುಗಳಲ್ಲೊಂದು.

ಆದ್ದರಿಂದ, ಮಿತ್ರರೇ, ಯಾವ ಪುರಾಣವನ್ನೇ ಆಗಲಿ, ನಮ್ಮೂರಿನ ಸ್ಥಳಪುರಾಣವನ್ನೇ ಆಗಲಿ, ಯಾರಾದರೂ ಚರಿತ್ರೆಯೆಂದು ತಂದು ಮುಂದಿಟ್ಟರೆ ಮೂರು ಪ್ರಶ್ನೆ ಕೇಳೋಣ: ಬರೆದವರು ಯಾರು? ಬರೆದದ್ದು ಯಾವಾಗ? ಅದರಿಂದ ಲಾಭ ಯಾರಿಗೆ?