ಗೆದ್ದವರಿಲ್ಲದ ವರ್ಷ: 1919ರ ಸಿಯಾಟಲ್ ಸರಣಿ



ದುಡ್ಡಿಗಾಗಿ ಆಡುವವನಿಗೆ ಆಟದ ಮರ್ಯಾದೆ ಗೊತ್ತಿರುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನೂರು ವರ್ಷಗಳ ಹಿಂದೆ ಕೆನಡಾದಲ್ಲಿ ಈ ಮಾತು ಇನ್ನೂ ಜೋರಾಗಿತ್ತು. ಆ ದೇಶದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಐಸ್ ಹಾಕಿಗೆಂದು ಹತ್ತು ಗಿನಿ ಬೆಲೆಯ ಬೆಳ್ಳಿಯ ಬಟ್ಟಲೊಂದನ್ನು ಕೊಟ್ಟ. ಅದೇ ಸ್ಟ್ಯಾನ್ಲಿ ಕಪ್. ಅದನ್ನು ಕೊಟ್ಟದ್ದು ಹವ್ಯಾಸಿಗಳಿಗೆ, ಅಂದರೆ ಸಂಬಳ ಪಡೆಯದೆ ಆಡುವವರಿಗೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ಬಟ್ಟಲು ಪೂರ್ತಿಯಾಗಿ ಸಂಬಳದ ಆಟಗಾರರ ಕೈ ಸೇರಿತ್ತು. ಹವ್ಯಾಸಿಗಳಿಗೆ ಅಲನ್ ಕಪ್ ಎಂಬ ಬೇರೆಯದೇ ಕಪ್ ಬಂತು. ಆಟ ಕೆಟ್ಟುಹೋಯಿತು ಎಂದು ಕೊರಗಿದವರಿದ್ದರು. ಅವರು ಯಾರನ್ನು ಬೈಯುತ್ತಿದ್ದರೋ ಅಂಥವರೇ ಆಡಿದ ಸರಣಿಯೊಂದರ ಕಥೆಯನ್ನು ಇವತ್ತು ಹೇಳುತ್ತೇನೆ. ಅದು 1919ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ಸಿಯಾಟಲ್ ನಗರದಲ್ಲಿ ನಡೆಯಿತು.

ಮೊದಲು ಆಟದ ಬಗ್ಗೆ ಎರಡು ಮಾತು. ನಮಗೆ ಹಾಕಿ ಎಂದರೆ ಕೊಡಗಿನ ಮೈದಾನ ಕಣ್ಮುಂದೆ ಬರುತ್ತದೆ. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ ಇದೆ, ಅದಕ್ಕೆ ಪಕ್ ಎನ್ನುತ್ತಾರೆ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡಬೇಕು. ಎದುರಾಳಿಗೆ ಮೈಯೊಡ್ಡಿ ಗುದ್ದುವುದು ಆಟದ ಭಾಗವೇ. ಇವತ್ತು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಾರೆ. ಆಗ ಹಾಗಿರಲಿಲ್ಲ. ತಂಡದಲ್ಲಿ ಬದಲಿಗೆಂದು ಇರುತ್ತಿದ್ದವರು ಎರಡು ಮೂರು ಜನ ಮಾತ್ರ. ಮುಖ್ಯ ಆಟಗಾರರು ಅರವತ್ತು ನಿಮಿಷವೂ ಮಂಜಿನ ಮೇಲೆಯೇ ಇರುತ್ತಿದ್ದರು. ಈ ಅಂಶವನ್ನು ನೆನಪಿನಲ್ಲಿಡಿ, ಮುಂದಿನ ಕಥೆಗೆ ಬೇಕಾಗುತ್ತದೆ.

ಸಿಯಾಟಲ್ ಸಮುದ್ರದ ಪಕ್ಕದ ಊರು. ಅಲ್ಲಿನ ಚಳಿಗೆ ಕೆರೆ ಕಟ್ಟೆ ಹೆಪ್ಪುಗಟ್ಟುವುದಿಲ್ಲ. ಅಂಥ ಕಡೆ ಐಸ್ ಹಾಕಿ ಬಂದದ್ದು ಲೆಸ್ಟರ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಎಂಬ ಅಣ್ಣತಮ್ಮಂದಿರಿಂದ. ಅವರ ತಂದೆಗೆ ಮರದ ವ್ಯಾಪಾರವಿತ್ತು. 1911ರಲ್ಲಿ ಅದನ್ನು ಮಾರಿ ಬಂದ ಹಣವನ್ನೆಲ್ಲ ಹಾಕಿ ವಿಕ್ಟೋರಿಯಾ ಮತ್ತು ವ್ಯಾಂಕೂವರ್ ನಗರಗಳಲ್ಲಿ ಕೃತಕ ಮಂಜಿನ ರಿಂಕ್‌ಗಳನ್ನು ಕಟ್ಟಿದರು. ನೆಲದಡಿಯ ಕೊಳವೆಗಳಲ್ಲಿ ತಣ್ಣಗಾಗಿಸಿದ ಉಪ್ಪುನೀರು ಹರಿಸಿ, ಮೇಲೆ ಸುರಿದ ನೀರನ್ನು ಗಡ್ಡೆಗಟ್ಟಿಸುವ ವಿಧಾನ ಅದು. ಕೆನಡಾದಲ್ಲಿ ಅಂಥವು ಅವೇ ಮೊದಲು. ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಶನ್ ಎಂಬ ತಮ್ಮದೇ ಲೀಗನ್ನು ಶುರುಮಾಡಿ, ಪೂರ್ವದ ತಂಡಗಳಿಂದ ಹೆಸರಾಂತ ಆಟಗಾರರನ್ನು ಹೆಚ್ಚು ಸಂಬಳ ಕೊಟ್ಟು ಕರೆಸಿಕೊಂಡರು. ಅಂಗಿಯ ಬೆನ್ನಿಗೆ ಸಂಖ್ಯೆ, ಮಂಜಿನ ಮೇಲೆ ನೀಲಿ ಗೆರೆ, ಮುಂದಕ್ಕೆ ಪಾಸ್ ಕೊಡುವ ಅವಕಾಶ, ಗೋಲು ಕಾಯುವ ಗೋಲಿ ಬಿದ್ದು ಪಕ್ ತಡೆಯುವ ಸ್ವಾತಂತ್ರ್ಯ ಇವೆಲ್ಲವನ್ನೂ ಈ ಆಟದಲ್ಲಿ ಬೇರೂರಿಸಿದವರು ಇವರು. ಹಣದ ಜೊತೆ ಬುದ್ಧಿಯನ್ನೂ ಸುರಿದವರು.

1915ರಲ್ಲಿ ಸಿಯಾಟಲ್‌ನಲ್ಲಿ ರಿಂಕ್ ಎದ್ದಿತು, ಮೆಟ್ರೊಪಾಲಿಟನ್ಸ್ ಎಂಬ ತಂಡ ಹುಟ್ಟಿತು. ಕೆಂಪು, ಹಸಿರು, ಬಿಳಿ ಪಟ್ಟೆಯ ಸ್ವೆಟರ್ ಅವರ ಗುರುತು. ಫ್ರಾಂಕ್ ಫೊಯ್‌ಸ್ಟನ್, ಜಾಕ್ ವಾಕರ್, ಕಲಿ ವಿಲ್ಸನ್, ಗೋಲಿ ಹ್ಯಾಪ್ ಹೋಮ್ಸ್, ಈ ನಾಲ್ವರೂ 1914ರಲ್ಲಿ ಟೊರಾಂಟೊ ತಂಡದಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದವರು. ವಾಕರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಗುದ್ದಾಟದ ಆ ಆಟದಲ್ಲಿ ಆತ ಮೈ ಮುಟ್ಟದೆ ಕೆಲಸ ಮುಗಿಸುತ್ತಿದ್ದ. ಮಂಡಿ ಬಗ್ಗಿಸಿ, ಕೋಲನ್ನು ಮಂಜಿನ ಮೇಲೆ ಮಲಗಿಸಿದಂತೆ ಚಾಚಿ, ಅದರ ಕೊಕ್ಕೆಯಿಂದ ಎದುರಾಳಿಯ ಪಕ್ಕನ್ನು ಎಳೆದುಕೊಳ್ಳುತ್ತಿದ್ದ. ಪಕ್ ಹೋದದ್ದು ಎದುರಾಳಿಗೆ ತಿಳಿಯುವ ಹೊತ್ತಿಗೆ ಅದು ಫೊಯ್‌ಸ್ಟನ್ ಕೋಲಿನಲ್ಲಿರುತ್ತಿತ್ತು. 1917ರಲ್ಲಿ ಈ ತಂಡ ಮಾಂಟ್ರಿಯಲ್ ಕೆನಡಿಯನ್ಸ್ ತಂಡವನ್ನು ಸೋಲಿಸಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಅಮೆರಿಕದ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು.

ಎರಡು ವರ್ಷದ ನಂತರ ಅದೇ ಎರಡು ತಂಡಗಳು ಮತ್ತೆ ಎದುರುಬದುರಾದವು. ಅಷ್ಟರಲ್ಲಿ ಪೂರ್ವದಲ್ಲಿ ನ್ಯಾಷನಲ್ ಹಾಕಿ ಲೀಗ್ ಹುಟ್ಟಿ ಎರಡನೆಯ ಋತು ನಡೆಯುತ್ತಿತ್ತು. ಅದರ ಚಾಂಪಿಯನ್ನರಾಗಿ ಕೆನಡಿಯನ್ಸ್ ರೈಲಿನಲ್ಲಿ ಖಂಡವನ್ನೇ ದಾಟಿ ಬಂದರು. ನಾಯಕ ನ್ಯೂಸಿ ಲಲೋಂಡ್, ಹಾಕಿಯಷ್ಟೇ ಲಕ್ರಾಸ್ ಆಟದಲ್ಲೂ ದೊಡ್ಡ ಹೆಸರು. ಗೋಲಿನಲ್ಲಿ ಜಾರ್ಜ್ ವೆಜಿನಾ, ಯಾವ ಗಲಾಟೆಗೂ ಮುಖದ ಗೆರೆ ಅಲುಗಿಸದವನು. ರಕ್ಷಣೆಯಲ್ಲಿ ಜೋ ಹಾಲ್.

ಹಾಲ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಕೆನಡಾದ ಮ್ಯಾನಿಟೋಬಾದಲ್ಲಿ. ವಯಸ್ಸು ನಲವತ್ತರ ಹತ್ತಿರ. ಊರಿನಲ್ಲಿ ಹೆಂಡತಿ ಮಕ್ಕಳು. ಕ್ವಿಬೆಕ್ ತಂಡದಲ್ಲಿ 1912 ಮತ್ತು 1913ರಲ್ಲಿ ಕಪ್ ಗೆದ್ದಿದ್ದ. ಪತ್ರಿಕೆಗಳು ಅವನನ್ನು ‘ಬ್ಯಾಡ್ ಜೋ’ ಎಂದೇ ಕರೆಯುತ್ತಿದ್ದವು. ಒರಟಾಟಕ್ಕಾಗಿ ಅವನಷ್ಟು ಹೊತ್ತು ಹೊರಗೆ ಕೂತವರು ಆ ಋತುವಿನಲ್ಲಿ ಲೀಗಿನಲ್ಲೇ ಇರಲಿಲ್ಲ. ಕ್ವಿಬೆಕ್‌ನಲ್ಲಿದ್ದಾಗ ಅವನಿಗೂ ಲಲೋಂಡ್‌ಗೂ ಕಟ್ಟಾ ವೈರ. ಕೋಲಿನೇಟಿನಿಂದ ಒಬ್ಬರಿಗೊಬ್ಬರು ರಕ್ತ ಬರಿಸಿದವರು. ಮುಂದೆ ಹಾಲ್ ಕೆನಡಿಯನ್ಸ್ ಸೇರಿದ ಮೇಲೆ ಪ್ರವಾಸದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿಯುವಷ್ಟು ಗೆಳೆಯರಾದರು. ಮೈದಾನದ ಜಗಳವನ್ನು ಮೈದಾನದಲ್ಲೇ ಬಿಡಲು ಗೊತ್ತಿದ್ದವರು ಅವರು. ಸಂಬಳದ ಆಟಗಾರನ ಬಗ್ಗೆ ಬರೆದವರು ಈ ಗೆಳೆತನವನ್ನೂ ಒಂದಿಷ್ಟು ಬರೆಯಬೇಕಿತ್ತು ಎಂದು ನನಗನಿಸುತ್ತದೆ.

ಸಿಯಾಟಲ್‌ಗೂ ಒಂದು ಪೆಟ್ಟು ಬಿದ್ದಿತ್ತು. 1917ರ ಸರಣಿಯ ನಾಲ್ಕೇ ಪಂದ್ಯಗಳಲ್ಲಿ ಹದಿನಾಲ್ಕು ಗೋಲು ಹೊಡೆದಿದ್ದ ಬರ್ನಿ ಮಾರಿಸ್ ಈ ಸಲ ಇರಲಿಲ್ಲ. ಕಡ್ಡಾಯ ಸೇನಾ ಸೇವೆ ತಪ್ಪಿಸಿಕೊಂಡನೆಂಬ ಆರೋಪದ ಮೇಲೆ ಅಮೆರಿಕದ ಸೇನೆ ಅವನನ್ನು ಹಿಡಿದಿಟ್ಟಿತ್ತು. ಮೊದಲನೆಯ ಮಹಾಯುದ್ಧವೇ ಮುಗಿದು ತಿಂಗಳುಗಳಾಗಿದ್ದವು. ಆದರೂ ಅವನಿಗೆ ಆಲ್ಕಟ್ರಾಜ್ ಸೆರೆಮನೆಯಲ್ಲಿ ಎರಡು ವರ್ಷದ ಶಿಕ್ಷೆಯಾಯಿತು. ಅವಧಿಗೆ ಮುಂಚೆಯೇ ಬಿಟ್ಟರೆಂಬುದು ನಿಜ, ಆದರೆ ಈ ಸರಣಿ ಅವನ ಕೈತಪ್ಪಿ ಹೋಗಿತ್ತು.

ಐದು ಪಂದ್ಯಗಳಲ್ಲಿ ಮೂರು ಗೆದ್ದವರಿಗೆ ಕಪ್. ಎಲ್ಲ ಪಂದ್ಯವೂ ಸಿಯಾಟಲ್‌ನಲ್ಲೇ. ನಿಯಮ ಮಾತ್ರ ಸರದಿಯ ಮೇಲೆ ಬದಲಾಗುತ್ತಿತ್ತು. ಪಶ್ಚಿಮದ ನಿಯಮದಲ್ಲಿ ಏಳು ಜನ, ಪೂರ್ವದ್ದರಲ್ಲಿ ಆರು. ಪಶ್ಚಿಮದ ಆ ಏಳನೆಯವನಿಗೆ ರೋವರ್ ಎಂದು ಹೆಸರು, ಗೊತ್ತಾದ ಸ್ಥಾನವಿಲ್ಲದೆ ಇಡೀ ರಿಂಕ್ ಸುತ್ತುವವನು. ಮಾರ್ಚ್ 19ರಂದು ಪಶ್ಚಿಮದ ನಿಯಮದಲ್ಲಿ ಸಿಯಾಟಲ್ 7–0ರಿಂದ ಗೆದ್ದಿತು. 22ರಂದು ಪೂರ್ವದ ನಿಯಮ, ಮಾಂಟ್ರಿಯಲ್‌ಗೆ 4–2ರ ಜಯ, ನಾಲ್ಕೂ ಗೋಲು ಲಲೋಂಡ್‌ನದೇ. 24ರಂದು ಮತ್ತೆ ಪಶ್ಚಿಮದ ನಿಯಮ, ಸಿಯಾಟಲ್‌ಗೆ 7–2, ಅದರಲ್ಲಿ ನಾಲ್ಕು ಫೊಯ್‌ಸ್ಟನ್ ಹೊಡೆದದ್ದು.

26ರ ರಾತ್ರಿ ನಡೆದದ್ದು ಬೇರೆಯೇ ಆಟ. ಅರವತ್ತು ನಿಮಿಷವಾದರೂ ಒಂದು ಗೋಲಿಲ್ಲ. ಮೊದಲ ಅವಧಿಯ ಕೊನೆಯಲ್ಲಿ ಕಲಿ ವಿಲ್ಸನ್ ಪಕ್ಕನ್ನು ಬಲೆಗೆ ನುಗ್ಗಿಸಿದನಾದರೂ ಅಷ್ಟರಲ್ಲಿ ಸೀಟಿ ಊದಿಯಾಗಿತ್ತು, ಗೋಲು ಲೆಕ್ಕಕ್ಕೆ ಬರಲಿಲ್ಲ. ಹತ್ತು ಹತ್ತು ನಿಮಿಷದ ಎರಡು ಹೆಚ್ಚುವರಿ ಅವಧಿ ಆಡಿಸಿದರು. ಇತ್ತ ಹೋಮ್ಸ್, ಅತ್ತ ವೆಜಿನಾ, ಮುಖಕ್ಕೆ ಕವಚವೂ ಇಲ್ಲದ ಇಬ್ಬರು ಗೋಲಿಗಳು ಎಂಬತ್ತು ನಿಮಿಷ ಒಂದು ಪಕ್ಕನ್ನೂ ಒಳಗೆ ಬಿಡಲಿಲ್ಲ. ಪಂದ್ಯವನ್ನು 0–0ಕ್ಕೇ ನಿಲ್ಲಿಸಿದಾಗ ಆಟಗಾರರು ಮಂಜಿನ ಮೇಲೆ ಕುಸಿದರು. ಸಿಯಾಟಲ್‌ನ ಜನ ಎದ್ದು ನಿಂತು ಎರಡೂ ತಂಡಕ್ಕೆ ಚಪ್ಪಾಳೆ ತಟ್ಟಿದರು. ತಮ್ಮ ತಂಡ ಆ ಹೊತ್ತಿಗೆ ಕಪ್ ಗೆದ್ದಾಗಿರಬೇಕಿತ್ತು ಎಂದು ಗೊತ್ತಿದ್ದೂ ತಟ್ಟಿದರು.

ಆ ವಾರಾಂತ್ಯದಲ್ಲಿ ಐದನೆಯ ಪಂದ್ಯ. ಎರಡು ಅವಧಿ ಮುಗಿದಾಗ ಸಿಯಾಟಲ್ 3–0 ಮುಂದಿತ್ತು. ಕಪ್‌ಗೆ ಇನ್ನು ಇಪ್ಪತ್ತು ನಿಮಿಷ. ಅಲ್ಲಿಂದ ಅವರ ಕಾಲು ಸೋತವು. ಮಾಂಟ್ರಿಯಲ್ ಮೂರು ಗೋಲು ಹೊಡೆದು ಸಮ ಮಾಡಿತು. ಹೆಚ್ಚುವರಿ ಅವಧಿಯಲ್ಲಿ ದಣಿದು ನಿಲ್ಲಲಾರದೆ ವಿಲ್ಸನ್ ಹೊರಗೆ ಹೋಗುತ್ತಿದ್ದಾಗಲೇ ಮಾಂಟ್ರಿಯಲ್‌ನ ಜಾಕ್ ಮೆಕ್‌ಡೊನಾಲ್ಡ್ ಗೋಲು ಹೊಡೆದ. 4–3. ಸರಣಿ ಸಮವಾಯಿತು, ಇನ್ನೊಂದು ಪಂದ್ಯ ಆಡಲೇಬೇಕಾಯಿತು.

ಆ ಪಂದ್ಯದ ನಡುವೆಯೇ ಜೋ ಹಾಲ್ ರಿಂಕ್ ಬಿಟ್ಟು ಒಳಗೆ ಹೋಗಿದ್ದ. ಯಾರೂ ಅವನಿಗೆ ಶಿಕ್ಷೆ ಕೊಟ್ಟಿರಲಿಲ್ಲ. ಮೈ ಕಾದಿತ್ತು.

1918ರ ಇನ್‌ಫ್ಲುಯೆಂಜಾ ಬಗ್ಗೆ ಈ ಸಭೆಗೆ ಹೆಚ್ಚು ಹೇಳಬೇಕಿಲ್ಲ. ಬೊಂಬಾಯಿ ಬಂದರಿನಿಂದ ಒಳನುಗ್ಗಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ ಜ್ವರ ಅದು. ಮೈಸೂರು ಸಂಸ್ಥಾನವೂ ಅದಕ್ಕೆ ನಲುಗಿತು. ಸಿಯಾಟಲ್‌ನಲ್ಲಿ 1918ರ ಅಕ್ಟೋಬರ್‌ನಲ್ಲಿ ಶಾಲೆ, ಚರ್ಚು, ನಾಟಕಶಾಲೆಗಳನ್ನು ಮುಚ್ಚಿದ್ದರು. ಟ್ರಾಮ್ ಹತ್ತಲು ಮುಖಗವಸು ಬೇಕಿತ್ತು. ನವೆಂಬರ್‌ನಲ್ಲಿ, ಯುದ್ಧ ನಿಂತ ಸಂಭ್ರಮದ ದಿನಗಳಲ್ಲೇ ನಿರ್ಬಂಧ ತೆಗೆದರು. ಮಾರ್ಚ್ ಹೊತ್ತಿಗೆ ರೋಗ ಹೋಯಿತೆಂದೇ ಎಲ್ಲರ ನಂಬಿಕೆ. ಅದರ ಮೂರನೆಯ ಅಲೆ ಆಗ ತಿರುಗುತ್ತಿತ್ತು. ಹತ್ತು ಹನ್ನೊಂದು ದಿನದಲ್ಲಿ ಐದು ಪಂದ್ಯ, ಎರಡರಲ್ಲಿ ಹೆಚ್ಚುವರಿ ಅವಧಿ, ಬದಲಿಗೆ ಜನವಿಲ್ಲ, ಹೋಟೆಲಿನ ಕೋಣೆಗಳಲ್ಲಿ ಜೊತೆವಾಸ. ರೋಗಕ್ಕೆ ಇದಕ್ಕಿಂತ ಸುಲಭದ ಮೈಗಳು ಎಲ್ಲಿ ಸಿಗಬೇಕು?

ಏಪ್ರಿಲ್ 1ರಂದು ಕೊನೆಯ ಪಂದ್ಯ ನಡೆಯಬೇಕಿತ್ತು. ಆ ದಿನ ಹಾಲ್, ಲಲೋಂಡ್, ಮೆಕ್‌ಡೊನಾಲ್ಡ್, ಬಿಲ್ಲಿ ಕುಟೂ, ಲೂಯಿ ಬರ್ಲಿಂಗೆಟ್, ಜೊತೆಗೆ ಮ್ಯಾನೇಜರ್ ಜಾರ್ಜ್ ಕೆನಡಿ ಎಲ್ಲರೂ ಹಾಸಿಗೆ ಹಿಡಿದಿದ್ದರು. ಕೆನಡಿ ಮೊದಲು ವಿಕ್ಟೋರಿಯಾ ತಂಡದಿಂದ ಆಟಗಾರರನ್ನು ಎರವಲು ಕೇಳಿದ. ಫ್ರಾಂಕ್ ಪ್ಯಾಟ್ರಿಕ್ ಒಪ್ಪಲಿಲ್ಲ. ಕೊನೆಗೆ ಕೆನಡಿ, ನಾವು ಆಡಲಾರೆವು, ನಿಯಮದಂತೆ ಪಂದ್ಯವನ್ನೂ ಕಪ್ಪನ್ನೂ ಸಿಯಾಟಲ್‌ಗೆ ಬಿಟ್ಟುಕೊಡುತ್ತೇವೆ ಎಂದ. ಸಿಯಾಟಲ್‌ನ ಮ್ಯಾನೇಜರ್ ಪೀಟ್ ಮಲ್ಡೂನ್ ಬೇಡವೆಂದ. ಅವನು ಹಿಂದೆ ಮುಷ್ಟಿಯುದ್ಧದಲ್ಲಿ ಪಳಗಿದವನು, ಗೆಲುವಿನ ಬೆಲೆ ಗೊತ್ತಿದ್ದವನು. ತನ್ನ ಊರು, ತನ್ನ ರಿಂಕ್, ಕೈಗೆ ಬಂದ ಕಪ್, ನಿಯಮದ ಬೆಂಬಲ ಇಷ್ಟಿದ್ದೂ ಅವನು ಜ್ವರದಿಂದ ಮಲಗಿದವರ ಮೇಲೆ ಗೆಲುವು ಪಡೆಯಲು ಒಪ್ಪಲಿಲ್ಲ. ಸರಣಿ ಅಲ್ಲಿಗೇ ನಿಂತಿತು. ನನಗೆ ಈ ಸರಣಿಯ ಎಲ್ಲ ಗೋಲುಗಳಿಗಿಂತ ಈ ‘ಬೇಡ’ ದೊಡ್ಡದು.

ಆದರೆ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಟಿಕೆಟ್ ಹಣದ ಮೇಲೆ ನಿಂತ ವ್ಯವಸ್ಥೆಯೇ ಆ ದಣಿದ ಮೈಗಳನ್ನು ಎರಡು ಮೂರು ದಿನಕ್ಕೊಮ್ಮೆ ಮಂಜಿಗಿಳಿಸಿತು. ಪಂದ್ಯ ನಡೆದರೆ ಮಾತ್ರ ಸಂಬಳಕ್ಕೆ ದುಡ್ಡು. ಕಾಯಿಲೆ ಬಿದ್ದ ಆಟಗಾರನಿಗೆ ಅಂದು ಕೆಲಸದ ಭದ್ರತೆಯಾಗಲಿ, ಅವನ ಕುಟುಂಬಕ್ಕೆ ಪಿಂಚಣಿಯಾಗಲಿ ಇರಲಿಲ್ಲ. ಆಟಗಾರರನ್ನು ದುಡ್ಡಿನಾಸೆಯವರೆಂದು ಬೈದವರು ಈ ಲೆಕ್ಕವನ್ನು ಕೇಳಲಿಲ್ಲ. ಏಪ್ರಿಲ್ 5ರಂದು ಸಿಯಾಟಲ್‌ನ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ಜೋ ಹಾಲ್ ತೀರಿಕೊಂಡ. ಅವನನ್ನು ವ್ಯಾಂಕೂವರ್‌ನಲ್ಲಿ ಮಣ್ಣುಮಾಡಿದರು. ಉಳಿದ ಆಟಗಾರರು ಚೇತರಿಸಿಕೊಂಡರು. ಕೆನಡಿ ಎದ್ದು ಓಡಾಡಿದರೂ ಪೂರ್ತಿ ಗುಣವಾಗಲೇ ಇಲ್ಲ. 1921ರಲ್ಲಿ ಅವನೂ ಹೋದ. ಅವನ ಹೆಂಡತಿ ಕೆನಡಿಯನ್ಸ್ ತಂಡವನ್ನು 11,000 ಡಾಲರ್‌ಗೆ ಮಾರಿದಳು. ಮೆಟ್ರೊಪಾಲಿಟನ್ಸ್ ಮರುವರ್ಷ ಒಟ್ಟಾವಾದ ಎದುರು ಫೈನಲ್ ಸೋತರು. 1924ರಲ್ಲಿ ತಂಡವೇ ಮುಚ್ಚಿತು, ರಿಂಕ್ ಕಾರು ನಿಲ್ಲಿಸುವ ಗ್ಯಾರೇಜಾಯಿತು.

ಕಪ್ಪಿನ ಮೇಲೆ ಆ ವರ್ಷದ್ದೆಂದು ಎರಡೂ ತಂಡಗಳ ಹೆಸರು, ಕೆಳಗೆ ‘ಸರಣಿ ಪೂರ್ಣಗೊಳ್ಳಲಿಲ್ಲ’ ಎಂಬ ಅರ್ಥದ ಸಾಲು ಕೆತ್ತಿದ್ದು ಬಹಳ ಕಾಲದ ನಂತರ, 1948ರಲ್ಲಿ. ಅದರ ಬಗ್ಗೆ ಇವತ್ತಿಗೂ ವಾದ ಮಾಡುವವರಿದ್ದಾರೆ. ಐದು ಪಂದ್ಯಗಳ ಗೋಲು ಕೂಡಿದರೆ ಸಿಯಾಟಲ್ 19, ಮಾಂಟ್ರಿಯಲ್ 10. ಆದ್ದರಿಂದ ಕಪ್ ಸಿಯಾಟಲ್‌ಗೆ ಸಲ್ಲಬೇಕಿತ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗೋಲಿನ ಮೊತ್ತಕ್ಕೆ ಕಪ್ ಕೊಡುವ ಸರಣಿ ಅದಾಗಿರಲಿಲ್ಲ, ಗೆದ್ದ ಪಂದ್ಯಗಳಲ್ಲಿ ಇಬ್ಬರೂ ಸಮ. ಅದಕ್ಕಿಂತ ಹೆಚ್ಚಾಗಿ, ಕೇಳಿದ್ದರೆ ಏಪ್ರಿಲ್ 1ರಂದೇ ಸಿಗುತ್ತಿದ್ದ ಕಪ್ಪನ್ನು ಬಿಟ್ಟವನು ಸಿಯಾಟಲ್‌ನ ಮಲ್ಡೂನ್. ಅವನು ಬೇಡವೆಂದದ್ದನ್ನು ಅವನ ಹೆಸರಿನಲ್ಲಿ ನಾವು ಕೇಳುವುದು ಸರಿಯಲ್ಲ.